ಒಂದು ಗೆರೆ ಅಳಿಸಿದರೆ: ಜೋರ್ಡಾನ್‌ನಲ್ಲಿ ಎಂಟು ದಿನ

ಮೊದಲನೇ ದಿನ, ಅಮ್ಮಾನ್

ಇದಕ್ಕೆಲ್ಲ ಕಾರಣ ಮಗನ ಕಂಪ್ಯೂಟರ್ ಆಟ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದದ್ದೇ ತಡ, ಹಗಲೂ ರಾತ್ರಿ ಸಾಮ್ರಾಜ್ಯ ಕಟ್ಟುತ್ತಾ ಕೂತ. ಇತಿಹಾಸದ ಒಂದು ಗೆರೆ ಅಳಿಸಿ, ಮುಂದೇನಾಗುತ್ತೆ ಅಂತ ನೋಡುವುದು ಅವನ ಖಯಾಲಿ. ವಿಮಾನದಲ್ಲಿ ಊಟದ ತಟ್ಟೆ ಬರುವ ಮೊದಲೇ ಕೇಳಿದ: "ಅಮ್ಮ, ಇಸ್ಲಾಂ ಹುಟ್ಟಲೇ ಇಲ್ಲ ಅಂತ ಇಟ್ಕೋ. ಮಧ್ಯಯುಗ ಹೇಗಿರ್ತಿತ್ತು?"

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಇಂಥ ಪ್ರಶ್ನೆ ಅಂದರೆ ಸ್ವಲ್ಪ ಅಲರ್ಜಿ. ಆದರೂ ಎಂಟು ದಿನ ಜೊತೆಗೆ ಸುತ್ತಬೇಕಲ್ಲ, ಒಪ್ಪಿಕೊಂಡೆ. ಒಂದೇ ನಿಯಮ: ಅಳಿಸುವುದು ಅದೊಂದನ್ನೇ. ಬರ, ಭೂಕಂಪ, ಪ್ಲೇಗು, ದಾಯಾದಿ ಜಗಳ ಎಲ್ಲ ಇದ್ದ ಹಾಗೇ ಇರಬೇಕು. ಅವನು ಒಂದು ನೂರು ಪುಟದ ನೋಟ್‌ಬುಕ್ ತೆಗೆದ. ಇವರು ಕಣ್ಣುಮುಚ್ಚಿ ನಿದ್ದೆ ಮಾಡುವವರ ಹಾಗೆ ನಟಿಸಿದರು.

ಅಮ್ಮಾನ್‌ನಲ್ಲಿ ನಮ್ಮನ್ನು ಕರೆದೊಯ್ಯಲು ಬಂದ ಡ್ರೈವರ್‌ಗೆ ಅರವತ್ತರ ಹತ್ತಿರ ವಯಸ್ಸು. ಕಾರಿನಲ್ಲಿ ಒಂದು ಫ್ಲಾಸ್ಕು, ಹಿಡಿಯಿಲ್ಲದ ಪುಟ್ಟ ಕಪ್ಪುಗಳು. ಏಲಕ್ಕಿ ಘಮ್ಮೆನ್ನುವ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ. ಮಗ ಕುಡಿದು ಕಪ್ಪು ವಾಪಸ್ ಕೊಟ್ಟ. ಮತ್ತೆ ತುಂಬಿ ಬಂತು. ಮತ್ತೆ ಕೊಟ್ಟ, ಮತ್ತೆ ಬಂತು. ನಾಲ್ಕನೇ ಸಲ ಅವನ ಮುಖ ನೋಡಬೇಕಿತ್ತು. ಸಾಕು ಅನ್ನಿಸಿದರೆ ಕಪ್ಪನ್ನು ಕೈಯಲ್ಲಿ ಸ್ವಲ್ಪ ಅಲ್ಲಾಡಿಸಬೇಕಂತೆ. ನಮಗೇನು ಗೊತ್ತು!

ಸಂಜೆ ಕೋಟೆಗುಡ್ಡ ಹತ್ತಿದೆವು. ಜಬಲ್ ಅಲ್ ಕಲಾ ಅಂತ ಹೆಸರು. ರೋಮನ್ನರ ಹರ್ಕ್ಯುಲಿಸ್ ದೇವಸ್ಥಾನದ ಕಂಬಗಳು, ಎರಡು ಹೆಜ್ಜೆ ಆಚೆ ಬೈಜಾಂಟಿನ್ನರ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕ್ರೈಸ್ತರ, ಚರ್ಚು, ಇನ್ನೂ ಸ್ವಲ್ಪ ಆಚೆ 8ನೇ ಶತಮಾನದ ಉಮಯ್ಯದ್ ಅರಮನೆ. ಆ ಅರಮನೆಯ ಹಜಾರ ಇರುವುದು ಶಿಲುಬೆಯ ಆಕಾರದಲ್ಲಿ. ಗೋಡೆಯ ಕೆತ್ತನೆ ಪರ್ಷಿಯನ್ನರದು. ಕಟ್ಟಿಸಿದವರು ಮುಸ್ಲಿಮರು. "ಇದರಲ್ಲಿ ಯಾವುದನ್ನ ಅಳಿಸ್ತೀಯೋ?" ಅಂದೆ. ಅಷ್ಟರಲ್ಲಿ ಕೆಳಗಿನ ಊರಿನಿಂದ ಬಾಂಗು ಕೇಳಿಸಿತು. ಒಂದು ಮಸೀದಿಯಿಂದ ಶುರುವಾಗಿ ಗುಡ್ಡದಿಂದ ಗುಡ್ಡಕ್ಕೆ ಹಾರಿ, ಕೊನೆಗೆ ಇಡೀ ಕಣಿವೆಯೇ ಹಾಡಿದ ಹಾಗಾಯಿತು. ಮಗ ಪೆನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. "ನನ್ನ ಆಟದಲ್ಲಿ ಈ ಸೌಂಡೇ ಇರಲ್ಲ ಅಲ್ವಾ" ಅಂದ.

ಎರಡನೇ ದಿನ, ಜೆರಾಶ್

ಅಮ್ಮಾನ್‌ನಿಂದ ಉತ್ತರಕ್ಕೆ ಒಂದು ಗಂಟೆ ದಾರಿ. ಏಪ್ರಿಲ್ ಆದ್ದರಿಂದ ಕಲ್ಲುಗಳ ಸಂದಿಯಲ್ಲೆಲ್ಲ ಕೆಂಪು ಗಸಗಸೆ ಹೂ. ಮೊಟ್ಟೆಯಾಕಾರದ ಬಯಲು, ಅದರ ಸುತ್ತ ಕಂಬಗಳು, ಗಾಡಿ ಚಕ್ರದ ಗುರುತು ಉಳಿದಿರುವ ಕಲ್ಲುಹಾಸಿನ ಬೀದಿ. ರೋಮನ್ ಪಟ್ಟಣ ಅಂತ ಎಲ್ಲರೂ ಇದನ್ನೇ ನೋಡಿ ಹೋಗುತ್ತಾರೆ. ನಮಗೆ ಬೇಕಾಗಿದ್ದದ್ದು ಚರ್ಚುಗಳು.

ಕಾಸ್ಮಾಸ್ ಮತ್ತು ಡೇಮಿಯನ್ ಸಂತರ ಚರ್ಚಿನ ನೆಲದ ಮೊಸಾಯಿಕ್ 533ರದ್ದು. ಮೇಲಿಂದ ಬಗ್ಗಿ ನೋಡಬೇಕು. ದಾನ ಕೊಟ್ಟ ಥಿಯೋಡೋರ್ ಮತ್ತು ಅವನ ಹೆಂಡತಿ ಜಾರ್ಜಿಯಾ ಇಬ್ಬರ ಚಿತ್ರವೂ ನೆಲದಲ್ಲಿದೆ. ನಮ್ಮೂರ ದೇವಸ್ಥಾನದ ಮೆಟ್ಟಿಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವುದಿಲ್ಲವೇ, ಹಾಗೇ. ಪಕ್ಕದಲ್ಲೇ ಬಿಷಪ್ ಜೆನೆಸಿಯಸ್ ಕಟ್ಟಿಸಿದ ಚರ್ಚು. ವರ್ಷ 611. ಇಲ್ಲಿ ನಾನು ಮಗನನ್ನು ನಿಲ್ಲಿಸಿದೆ.

ಆಗ ಮೇಲೆ ಏನು ನಡೆಯುತ್ತಿತ್ತು ಗೊತ್ತಾ? ಬೈಜಾಂಟಿನ್ನರಿಗೂ ಪರ್ಷಿಯಾದ ಸಸಾನಿಯರಿಗೂ 602ರಲ್ಲಿ ಹತ್ತಿಕೊಂಡ ಯುದ್ಧ 628ರವರೆಗೆ ಉರಿಯಿತು. 26 ವರ್ಷ! ಈ ಚರ್ಚಿಗೆ ಕಲ್ಲು ಹೊರುವಾಗ ಪರ್ಷಿಯನ್ ಸೇನೆ ಹತ್ತಿರವಾಗುತ್ತಿತ್ತು. 614ರಲ್ಲಿ ಜೆರುಸಲೇಮ್ ಬಿತ್ತು, ಏಸುವಿನದ್ದೆಂದು ನಂಬಿದ್ದ ಶಿಲುಬೆಯನ್ನೇ ಹೊತ್ತೊಯ್ದರು. ಅದಕ್ಕೂ ಮೊದಲು, 541ರಿಂದ, ಪ್ಲೇಗು ಅಲೆ ಅಲೆಯಾಗಿ ಬಂದು ಊರುಗಳನ್ನು ಖಾಲಿ ಮಾಡಿತ್ತು. ಇದೆಲ್ಲ ಆದದ್ದು ಇಸ್ಲಾಂ ಈ ಕಡೆಗೆ ಕಾಲಿಡುವ ಮೊದಲು.

ಮಗನ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಬರೆದದ್ದು: "ಕ್ರಿ.ಶ. 800. ಜೆರಾಶ್ ದೊಡ್ಡ ಕ್ರೈಸ್ತ ನಗರ, ಜನ ಜಾಸ್ತಿ." ಮಧ್ಯಾಹ್ನ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬಂತು. ಯಾಕೆಂದರೆ 749ರ ಜನವರಿಯಲ್ಲಿ ಭಾರಿ ಭೂಕಂಪವಾಗಿ ಈ ಊರು ನೆಲಕಚ್ಚಿತು. ಅವನ ಆಟದಲ್ಲೂ ಅದು ಆಗಲೇಬೇಕು. ಅಷ್ಟು ಹೊತ್ತಿಗೆ ಇಲ್ಲಿ ಮಸೀದಿಯೂ ಇತ್ತು, ಚರ್ಚುಗಳೂ ಇದ್ದವು. ಎಲ್ಲ ಒಟ್ಟಿಗೇ ಅಲ್ಲಾಡಿದವು.

ಮೂರನೇ ದಿನ, ಉಮ್ಮ್ ಕೈಸ್

ಬೆಳಿಗ್ಗೆ ಫಲಾಫಲ್. ಕಡಲೆಕಾಳಿನ ಅಂಬೊಡೆ ಅಂದುಕೊಳ್ಳಿ, ಸ್ವಲ್ಪ ಗುಂಡಗೆ. ಇವರು ಸಸ್ಯಾಹಾರಿ, ಎಂಟು ದಿನವೂ ಅದೇ ಗತಿ. ಮೊದಲ ಎರಡು ದಿನ ಹೊಗಳಿದರು.

ಉಮ್ಮ್ ಕೈಸ್ ಇರುವುದು ಜೋರ್ಡಾನ್‌ನ ವಾಯವ್ಯ ಮೂಲೆಯಲ್ಲಿ. ಹಳೇ ಹೆಸರು ಗಡಾರಾ. ಇಲ್ಲಿನ ಕಲ್ಲು ಕಪ್ಪು. ಬಿಳಿ ಸುಣ್ಣಕಲ್ಲೂ ಕಪ್ಪು ಬಸಾಲ್ಟೂ ಸೇರಿ ಚರ್ಚಿನ ಅಂಗಳ ಚದುರಂಗದ ಹಲಗೆ ಹಾಗೆ ಕಾಣುತ್ತದೆ. ಅಂಚಿನಲ್ಲಿ ನಿಂತರೆ ಎಡಕ್ಕೆ ಗಲಿಲಿ ಸರೋವರ, ಎದುರಿಗೆ ಗೋಲಾನ್ ಎತ್ತರ, ಕೆಳಗೆ ಆಳವಾದ ಕೊರಕಲಿನಲ್ಲಿ ಯರ್ಮುಕ್ ಹೊಳೆ. ಮೊಬೈಲ್ ಆಗಲೇ ಗಡಿ ದಾಟಿ ಇನ್ನೊಂದು ದೇಶದ ನೆಟ್‌ವರ್ಕ್ ಹಿಡಿದು, ನಮಗೆ ಸ್ವಾಗತ ಕೋರಿತ್ತು.

ಇಲ್ಲಿಂದ ಪೂರ್ವಕ್ಕೆ, ಇದೇ ಹೊಳೆಯ ಮೇಲ್ಗಡೆ, 636ರ ಆಗಸ್ಟಿನಲ್ಲಿ ಆರು ದಿನ ಕಾಳಗ ನಡೆಯಿತು. ಒಂದು ಕಡೆ ಚಕ್ರವರ್ತಿ ಹೆರಾಕ್ಲಿಯಸ್ ಕಳಿಸಿದ ಸೇನೆ, ಇನ್ನೊಂದು ಕಡೆ ಖಾಲಿದ್ ಇಬ್ನ್ ಅಲ್ ವಲೀದ್ ಮುಂದಾಳತ್ವದ ಅರಬ್ ಸೇನೆ. ಕೊನೆಯ ದಿನ ಬೈಜಾಂಟಿನ್ನರಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ, ಹಿಂದೆ ಇದ್ದದ್ದು ಇಂಥ ಕೊರಕಲುಗಳೇ. ಸಿರಿಯಾ ಅವರ ಕೈ ತಪ್ಪಿತು.

"ಇದೇ ಜಾಗ ಅಮ್ಮ. ಇದು ನಡೀಲಿಲ್ಲ ಅಂದ್ರೆ ಎಲ್ಲ ಬೇರೆ" ಅಂದ ಮಗ. ಬಂಡೆಯ ಮೇಲೆ ಕೂತು ಸುಮಾರು ಎರಡು ಗಂಟೆ ಜಗಳವಾಡಿದೆವು.

ನಾನು ಹೇಳಿದ್ದು ಇಷ್ಟು. ಗಡಿ ಕಾಯುತ್ತಿದ್ದವರು ಅರಬ್ಬರೇ. ರೋಮ್ ಕಡೆಗೆ ಘಸ್ಸಾನಿಗಳು, ಕ್ರೈಸ್ತರು. ಪರ್ಷಿಯಾ ಕಡೆಗೆ ಹೀರಾ ಊರಿನ ಲಖ್ಮಿಗಳು. ಘಸ್ಸಾನಿ ದೊರೆ ಅಲ್ ಮುಂದಿರ್‌ನನ್ನು 581ರಲ್ಲಿ ಬೈಜಾಂಟಿನ್ನರೇ ಹಿಡಿದು ಒಯ್ದರು. ಇಪ್ಪತ್ತು ವರ್ಷದ ಮೇಲೆ ಪರ್ಷಿಯಾದ ದೊರೆ ಎರಡನೇ ಖುಸ್ರೋ ತನ್ನ ಕಡೆಯ ಲಖ್ಮಿ ದೊರೆಯನ್ನು ಮುಗಿಸಿದ. "ಅಂದ್ರೆ ಬಾಗಿಲು ಕಾಯೋರನ್ನ ಇಬ್ರೂ ಓಡಿಸಿದ್ರು" ಅಂದ ಮಗ. ಹೂಂ, ಆಮೇಲೆ 26 ವರ್ಷ ಒಬ್ಬರನ್ನೊಬ್ಬರು ಹೊಡೆದುಕೊಂಡು ಇಬ್ಬರೂ ಸುಸ್ತಾದರು. 628ರಲ್ಲಿ ಖುಸ್ರೋನನ್ನು ಅವನ ಮಗನ ಕಡೆಯವರೇ ಕೊಂದರು. ಮುಂದಿನ ನಾಲ್ಕು ವರ್ಷದಲ್ಲಿ ಅಲ್ಲಿನ ಸಿಂಹಾಸನ ಎಷ್ಟೋ ಕೈ ಬದಲಾಯಿಸಿತು, ಇಬ್ಬರು ರಾಣಿಯರೂ ಕೂತು ಇಳಿದರು. ಕೊನೆಗೆ ಯಜ್ದೆಗರ್ದ್ ಎಂಬ ಎಳೆಯ ಹುಡುಗನನ್ನು ಕೂರಿಸಿದರು.

ಇಂಥ ಮನೆಗೆ ಯಾರಾದರೂ ನುಗ್ಗಿಯೇ ನುಗ್ಗುತ್ತಿದ್ದರು ಅಂತ ನನ್ನ ವಾದ. ಅರಬ್ಬರೇ ಬೇರೆ ಬಾವುಟದಡಿ ಬರಬಹುದಿತ್ತು, ಉತ್ತರದಿಂದ ತುರ್ಕರು ಬರಬಹುದಿತ್ತು. ಮಗನ ವಾದ ಬೇರೆ: ಬಂದವರು ಲೂಟಿ ಮಾಡಿ ಹೋಗ್ತಿದ್ರು, ಒಂದು ಭಾಷೆ, ಒಂದು ಧರ್ಮ ಕೊಟ್ಟು ನೂರು ವರ್ಷದಲ್ಲಿ ಸ್ಪೇನ್‌ವರೆಗೆ ಕಟ್ತಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಪ್ಪಿಕೊಂಡೆ.

ಹಾಗಾದರೆ ಪರ್ಷಿಯಾ? ಅಗ್ನಿದೇವಾಲಯಗಳು ಉರಿಯುತ್ತಲೇ ಇರುತ್ತಿದ್ದವು ಅಂತ ಅವನು ಬರೆದುಕೊಂಡ. ಇರಬಹುದು. ಆದರೆ ಅಲ್ಲಿ ಸಿರಿಯಾಕ್ ಭಾಷೆಯ ಕ್ರೈಸ್ತರೂ ಬೆಳೆಯುತ್ತಿದ್ದರು, 635ರಲ್ಲಿ ಅವರ ಪಾದ್ರಿಯೊಬ್ಬ ಚೀನಾ ರಾಜಧಾನಿವರೆಗೆ ಹೋಗಿದ್ದ. ಅದೇನೇ ಆಗಲಿ, ಊರು ಬಿಟ್ಟು ಗುಜರಾತಿನ ಸಂಜಾನ್‌ಗೆ ದೋಣಿಯಲ್ಲಿ ಬರುವ ಅಗತ್ಯ ಪಾರ್ಸಿಗಳಿಗೆ ಇರುತ್ತಿರಲಿಲ್ಲ. ಪಾರ್ಸಿಗಳಿಲ್ಲದೆ ಜಮ್‌ಶೆಟ್‌ಜಿ ಟಾಟಾ ಇಲ್ಲ. ಟಾಟಾ ಇಲ್ಲದೆ ಬೆಂಗಳೂರಿನಲ್ಲಿ 1909ರಲ್ಲಿ ಶುರುವಾದ ಟಾಟಾ ಇನ್‌ಸ್ಟಿಟ್ಯೂಟೂ ಇಲ್ಲ. ಇವರು ಅಲ್ಲೇ ಓದಿದವರು. ಅಷ್ಟು ಹೊತ್ತು ಸರೋವರದ ಫೋಟೋ ತೆಗೆಯುತ್ತಿದ್ದವರು ತಿರುಗಿ, "ನನ್ನ ಡಿಗ್ರಿಗೆ ಯಾಕ್ರೋ ಕೈ ಹಾಕ್ತೀರಿ" ಅಂದರು.

ನಾಲ್ಕನೇ ದಿನ, ಕುಸೈರ್ ಅಮ್ರಾ

ಪೂರ್ವದ ಮರುಭೂಮಿ. ರಸ್ತೆಯ ಎರಡೂ ಕಡೆ ಏನೂ ಇಲ್ಲ, ಲಾರಿಗಳು ಬಿಟ್ಟರೆ. ಅದರ ನಡುವೆ ಮೂರು ಕಮಾನು ಚಾವಣಿಯ ಪುಟ್ಟ ಕಟ್ಟಡ. ಸ್ನಾನದ ಮನೆ ಅಂದರೆ ನಂಬುವುದು ಕಷ್ಟ. ಉಮಯ್ಯದ್ ರಾಜಕುಮಾರ ವಲೀದ್ ಇಬ್ನ್ ಯಜೀದ್, ಖಲೀಫ ಆಗುವ ಮೊದಲು, 723 ಮತ್ತು 743ರ ನಡುವೆ ಕಟ್ಟಿಸಿದ್ದು.

ಒಳಗೆ ಹೋದರೆ ಗೋಡೆ ತುಂಬ ಚಿತ್ರ. ಬೇಟೆ, ಕುಸ್ತಿ, ಸ್ನಾನ ಮಾಡುವ ಹೆಂಗಸರು, ಕಟ್ಟಡದ ಕೆಲಸದವರು. ಒಂದು ಕಡೆ ಕರಡಿ ಕೂತು ತಂತಿವಾದ್ಯ ನುಡಿಸುತ್ತಿದೆ, ಕೋತಿ ಚಪ್ಪಾಳೆ ತಟ್ಟುತ್ತಿದೆ. ಮಗ ಅದನ್ನು ನೋಡಿ ಬಿದ್ದೂ ಬಿದ್ದೂ ನಕ್ಕ. ಬಿಸಿನೀರಿನ ಕೋಣೆಯ ಗುಮ್ಮಟದಲ್ಲಿ ಆಕಾಶವೇ ಇದೆ, ರಾಶಿಗಳ ಸಮೇತ.

ಪಶ್ಚಿಮದ ಗೋಡೆಯಲ್ಲಿ ಆರು ದೊರೆಗಳು ಸಾಲಾಗಿ ನಿಂತಿದ್ದಾರೆ. ಬಣ್ಣ ಮಾಸಿದೆ, ಕಣ್ಣು ಕಿರಿದು ಮಾಡಿ ನೋಡಬೇಕು. ಗ್ರೀಕ್ ಮತ್ತು ಅರಬ್ಬಿಯಲ್ಲಿ ಹೆಸರು ಬರೆದಿದ್ದಾರೆ: ಬೈಜಾಂಟಿಯಮ್ಮಿನ ಸೀಸರ್, ಸ್ಪೇನಿನ ರೊಡೆರಿಕ್, ಪರ್ಷಿಯಾದ ಖುಸ್ರೋ, ಇಥಿಯೋಪಿಯಾದ ನೆಗುಸ್. ಉಳಿದ ಇಬ್ಬರ ಹೆಸರು ಅಳಿದುಹೋಗಿದೆ. ಚೀನಾ, ತುರ್ಕಿ, ಭಾರತ ಅಂತ ಊಹೆಗಳಿವೆ. "ನಮ್ಮ ಪುಲಿಕೇಶಿ ಅಂತ ಬರ್ಕೊಳ್ಲಾ?" ಅಂತ ಮಗ ಕೇಳಿದ. ಬೇಡಪ್ಪಾ ಅಂದೆ. ಆದರೆ ಖುಸ್ರೋಗೂ ನಮಗೂ ಒಂದು ನಂಟು ಇರಬಹುದು. ಭಾರತದ ಒಬ್ಬ ರಾಜ ಖುಸ್ರೋನ ಆಸ್ಥಾನಕ್ಕೆ ಪತ್ರ ಕಳಿಸಿದ್ದನ್ನು ತಬರಿ ಎಂಬ ಇತಿಹಾಸಕಾರ ಬರೆದಿದ್ದಾನೆ. ಆ ರಾಜ ಬಾದಾಮಿಯ ಇಮ್ಮಡಿ ಪುಲಿಕೇಶಿಯೇ ಇರಬೇಕು ಅಂತ ಕೆಲವು ವಿದ್ವಾಂಸರ ಅಭಿಪ್ರಾಯ. ತಮಾಷೆ ಏನೆಂದರೆ, ಈ ಸುದ್ದಿ ಉಳಿದಿರುವುದು ಅರಬ್ಬಿಯಲ್ಲಿ. ಮಾನ್ಯಖೇಟದ ರಾಷ್ಟ್ರಕೂಟರನ್ನು ಬಲ್ಹಾರಾ ಅಂತ ಕರೆದು, ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬ ಅಂತ 851ರಲ್ಲಿ ಬರೆದದ್ದೂ ಅರಬ್ಬಿಯಲ್ಲೇ. ಆ ಗೆರೆ ಅಳಿಸಿದರೆ ನಮ್ಮ ಮಳಖೇಡದ ಸಾಕ್ಷಿಯೂ ಒಂದು ಹೋಗುತ್ತದೆ.

ವಾಪಸ್ ಬರುವಾಗ ಅಂಕಿಗಳ ವಿಷಯ ಬಂತು. ನಮ್ಮ ಅಂಕಿ ಯುರೋಪಿಗೆ ಹೋದದ್ದು ಅರಬ್ಬರ ಮೂಲಕ, ಗಣಿತಜ್ಞ ಅಲ್ ಖ್ವಾರಿಜ್ಮಿ ಹೆಸರಿನಿಂದಲೇ ಅಲ್ಗಾರಿದಂ ಪದ. ಹಾಗಾದರೆ ಅಂಕಿಗಳು ಇಲ್ಲೇ ಉಳಿದುಬಿಡುತ್ತಿದ್ದವಾ? ಹಾಗೇನಿಲ್ಲ. 662ರಲ್ಲೇ ಯೂಫ್ರೆಟಿಸ್ ದಡದ ಮಠದಲ್ಲಿದ್ದ ಸೆವೆರಸ್ ಸೆಬೊಖ್ತ್ ಎಂಬ ಬಿಷಪ್, ಭಾರತೀಯರು ಒಂಬತ್ತು ಚಿಹ್ನೆಗಳಲ್ಲಿ ಲೆಕ್ಕ ಮಾಡುತ್ತಾರೆ ಅಂತ ಹೊಗಳಿ ಬರೆದಿದ್ದ. ಬೇರೆ ದಾರಿಯೂ ಇತ್ತು ಅಂದ ಹಾಗಾಯಿತು. ನಿಧಾನದ ದಾರಿ ಇರಬಹುದು, ಅಷ್ಟೆ.

ಐದನೇ ದಿನ, ಮಾದಬಾ

ಸಂತ ಜಾರ್ಜ್ ಚರ್ಚಿನ ನೆಲದಲ್ಲಿ 6ನೇ ಶತಮಾನದ ನಕ್ಷೆ ಇದೆ. ಚೂರುಪಾರು ಉಳಿದಿರುವುದೇ ಇಷ್ಟು ದೊಡ್ಡದು. ಜೆರುಸಲೇಮ್ ಊರಿನ ಗೋಡೆ, ಬಾಗಿಲು, ಕಂಬಗಳ ಬೀದಿ ಎಲ್ಲ ಕಾಣುತ್ತದೆ. ನನಗೆ ಇಷ್ಟವಾದದ್ದು ಒಂದು ಮೀನು. ಜೋರ್ಡಾನ್ ಹೊಳೆಯಲ್ಲಿ ಈಜಿಕೊಂಡು ಬಂದು, ಮುಂದೆ ಮೃತ ಸಮುದ್ರದ ಉಪ್ಪು ನೀರಿದೆ ಅಂತ ಗೊತ್ತಾಗಿ, ತಿರುಗಿ ವಾಪಸ್ ಹೊರಟಿದೆ.

ನಮ್ಮ ಡ್ರೈವರ್ ಊರು ಇದೇ. ಅವರು ಕ್ರೈಸ್ತರು. 1880ರ ಸುಮಾರಿಗೆ ಕರಕ್‌ನಿಂದ ಬಂದು ಈ ಪಾಳು ಊರಿನಲ್ಲಿ ನೆಲೆಸಿದ ಮನೆತನಗಳ ಕಡೆಯವರು. ಐದು ದಿನದಿಂದ ಮಾತಿಗೊಮ್ಮೆ ಇನ್ಶಾ ಅಲ್ಲಾ, ಅಲ್‌ಹಮ್ದುಲಿಲ್ಲಾ ಅನ್ನುತ್ತಿದ್ದರಿಂದ ನಾವು ಮುಸ್ಲಿಮರೆಂದೇ ತಿಳಿದಿದ್ದೆವು. ಇಲ್ಲಿ ಕ್ರೈಸ್ತರೂ ದೇವರನ್ನು ಕರೆಯುವುದು ಅಲ್ಲಾ ಅಂತಲೇ. ನಮ್ಮ ಆಟದ ಬಗ್ಗೆ ಮಗ ಅವರಿಗೂ ಹೇಳಿದ. ಅವರು ಸ್ಟೀರಿಂಗ್ ಮೇಲೆ ಬೆರಳು ತಟ್ಟುತ್ತಾ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಹಾಗಾಗಿದ್ದರೆ ನಾನು ನನ್ನ ಹೆಂಡತಿ ಹತ್ತಿರ ಯಾವ ಭಾಷೆಯಲ್ಲಿ ಜಗಳ ಆಡ್ತಿದ್ದೆ? ಗ್ರೀಕಾ?"

ಮಧ್ಯಾಹ್ನ ಉಮ್ಮ್ ಅರ್ ರಸಾಸ್. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಸಂತ ಸ್ಟೀಫನ್ ಚರ್ಚಿನ ನೆಲವಂತೂ ಅದ್ಭುತ, ಸುತ್ತಲೂ ಊರೂರಿನ ಚಿತ್ರ. ಅದರ ಒಂದು ಭಾಗ ಹಾಕಿಸಿದ್ದು 756ರಲ್ಲಿ. ಅಂದರೆ ಯರ್ಮುಕ್ ಕಾಳಗ ಆಗಿ 120 ವರ್ಷದ ಮೇಲೆ, ಅಬ್ಬಾಸಿ ಖಲೀಫರ ಕಾಲದಲ್ಲಿ, ಈ ಊರಿನವರು ದುಡ್ಡು ಕೂಡಿಸಿ ಚರ್ಚಿಗೆ ಹೊಸ ನೆಲ ಹಾಕಿಸಿದ್ದಾರೆ. ಮಗ ತುಂಬ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಹೇಳಿದ: "ನನ್ನ ಆಟದಲ್ಲಿ ಊರು ಸೋತ ತಕ್ಷಣ ಬಣ್ಣ ಬದಲಾಗಿಬಿಡುತ್ತೆ ಅಮ್ಮ. ಹಸಿರಿಂದ ಕೆಂಪು. ಒಂದೇ ಸಲ."

ಆರನೇ ದಿನ, ದಾರಿಯಲ್ಲಿ

ಕರಕ್ ಕೋಟೆ ಹೊರಗಿಂದ ನೋಡಿದೆವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮುಅತಾ. 629ರಲ್ಲಿ ಮುಸ್ಲಿಂ ಸೇನೆಯೂ ಬೈಜಾಂಟಿನ್ ಕಡೆಯವರೂ ಮೊದಲು ಮುಖಾಮುಖಿಯಾದ ಜಾಗ. ಅಲ್ಲಿ ಮಡಿದ ಮುಸ್ಲಿಂ ದಂಡನಾಯಕರಾದ ಜೈದ್ ಮತ್ತು ಜಾಫರ್ ಅವರ ದರ್ಗಾ ಹತ್ತಿರದ ಊರಿನಲ್ಲಿದೆ. ಚಪ್ಪಲಿ ಬಿಟ್ಟು, ತಲೆಗೆ ದುಪಟ್ಟಾ ಹೊದ್ದು ಒಳಗೆ ಹೋಗಿ ಬಂದೆವು. ಒಬ್ಬ ಅಜ್ಜಿ ನನ್ನ ಕೈಗೆ ಖರ್ಜೂರ ಇಟ್ಟರು. ಅಲ್ಲಿ ಆಟದ ಮಾತು ಎತ್ತುವುದು ಸರಿ ಅನ್ನಿಸಲಿಲ್ಲ, ಮಗನೂ ನೋಟ್‌ಬುಕ್ ಚೀಲದಲ್ಲೇ ಬಿಟ್ಟಿದ್ದ.

ಆಮೇಲೆ ಟೈರ್ ಪಂಕ್ಚರ್, ಒಂದೂವರೆ ಗಂಟೆ ರಸ್ತೆ ಬದಿ. ಕಾಫಿ. ಆಗ ಮಗನಿಗೆ ಹೊಳೆಯಿತು: ಕಾಫಿ ಎಲ್ಲಿಂದ ಬಂತು?

ನನ್ನ ತವರು ಮೂಡಿಗೆರೆ ಹತ್ತಿರ. ಅಪ್ಪಯ್ಯನದ್ದು ಎಂಟು ಎಕರೆ ಅರೇಬಿಕಾ ತೋಟ. ಗಿಡದ ಮೂಲ ಇಥಿಯೋಪಿಯಾ, ಆದರೆ ಬೀಜ ಹುರಿದು ಕುದಿಸಿ ಕುಡಿಯುವುದನ್ನು 15ನೇ ಶತಮಾನದಲ್ಲಿ ರೂಢಿಗೆ ತಂದವರು ಯೆಮನ್‌ನ ಸೂಫಿಗಳು. ರಾತ್ರಿ ಜಪಕ್ಕೆ ಕೂತಾಗ ನಿದ್ದೆ ಬರಬಾರದಲ್ಲ. ಅಲ್ಲಿಂದ ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ. "ಅಂದ್ರೆ ಅಜ್ಜಯ್ಯನ ತೋಟ ಹೋಯ್ತು" ಅಂದ ಮಗ. ಏಲಕ್ಕಿ ಉಳಿಯುತ್ತೆ ಬಿಡು, ಅದು ನಮ್ಮದೇ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ಏಳನೇ ದಿನ, ಪೆಟ್ರಾ

ಸೀಕ್ ಕಣಿವೆ, ಖಜಾನೆ ಅನ್ನುವ ಆ ಗುಲಾಬಿ ಬಣ್ಣದ ಮುಖಮಂಟಪ, ಒಂಟೆ, ಫೋಟೋ. ಇದನ್ನೆಲ್ಲ ಎಷ್ಟೋ ಜನ ಬರೆದಿದ್ದಾರೆ, ನಾನು ಬಿಡುತ್ತೇನೆ. ಇವರು ಮಂಡಿನೋವು ಅಂತ ಚಹಾದಂಗಡಿಯಲ್ಲಿ ಕೂತರು. ನಾನೂ ಮಗನೂ ಗುಡ್ಡದ ಮೇಲಿನ ಬೈಜಾಂಟಿನ್ ಚರ್ಚಿಗೆ ಹತ್ತಿದೆವು. ಅಲ್ಲಿ ನಮ್ಮನ್ನು ಬಿಟ್ಟರೆ ಒಂದು ಬೆಕ್ಕು.

1993ರ ಡಿಸೆಂಬರಿನಲ್ಲಿ ಈ ಚರ್ಚಿನ ಪಕ್ಕದ ಕೋಣೆಯಲ್ಲಿ ಸುಟ್ಟು ಕರಿಯಾದ ಸುರುಳಿಗಳು ಸಿಕ್ಕವು. ಸುಮಾರು 140. ಬೆಂಕಿ ಬಿದ್ದು ಇದ್ದಿಲಾದ್ದರಿಂದಲೇ ಅವು ಉಳಿದದ್ದು. ವರ್ಷಗಟ್ಟಲೆ ಕೂತು ಒಂದೊಂದೇ ಪದರ ಬಿಡಿಸಿದರು. ಏನಿತ್ತು ಒಳಗೆ? ಧರ್ಮಗ್ರಂಥ ಅಲ್ಲ, ಕಾವ್ಯ ಅಲ್ಲ. ಜಮೀನಿನ ಕಾಗದ! 6ನೇ ಶತಮಾನದ ಒಂದು ಮನೆತನದ ಕಂದಾಯ, ವರದಕ್ಷಿಣೆ, ಕ್ರಯಪತ್ರ. ಒಂದು ಉದ್ದದ ಸುರುಳಿಯಲ್ಲಿ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಿದ್ದಾರೆ. ಇಂಥ ಹೊಲ ಇವನಿಗೆ, ಇಂಥ ಕೋಣೆ ಅವನಿಗೆ.

ನನಗೆ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆ ನೆನಪಾಯಿತು. ಅಪ್ಪಯ್ಯ ಮತ್ತು ದೊಡ್ಡಪ್ಪನ ಪಾಲುಪತ್ರ ಅದರಲ್ಲಿದೆ. ಆ ಪತ್ರದ ಭಾಷೆ ನೋಡಿ: ಹಕ್ಕು, ತಕರಾರು, ವಕೀಲ, ಅರ್ಜಿ, ಕಾಯಿದೆ, ವಸೂಲಿ. ಎಲ್ಲ ಅರಬ್ಬಿ ಮೂಲದವು. ಮೂಡಿಗೆರೆಯ ಅಣ್ಣತಮ್ಮಂದಿರು ಜಗಳ ಆಡಿದ್ದು ಅಚ್ಚ ಕನ್ನಡದಲ್ಲಿ, ರಾಜಿಯಾದದ್ದು ಅರಬ್ಬಿ ಪದಗಳಲ್ಲಿ.

ಪೆಟ್ರಾದಲ್ಲಿ ಇದು ತಿರುಗಾಮುರುಗಾ. ಪತ್ರ ಬರೆದಿರುವುದು ಗ್ರೀಕಿನಲ್ಲಿ, ಸರ್ಕಾರದ ಭಾಷೆ ಅದೇ. ಆದರೆ ಹೊಲಗಳ ಹೆಸರು, ಮನೆಗಳ ಹೆಸರು ಬಂದ ಕಡೆ ಎಷ್ಟೋ ಅರಬ್ಬಿ ಪದಗಳು, ಗ್ರೀಕ್ ಅಕ್ಷರದಲ್ಲಿ. ಇಸ್ಲಾಂ ಹುಟ್ಟುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಬರೆಸಿದವರು ಕ್ರೈಸ್ತರು. ಅವರ ಗದ್ದೆಗಳು ಮಾತ್ರ ಆಗಲೇ ಅರಬ್ಬಿ ಮಾತಾಡುತ್ತಿದ್ದವು.

ಮಗ ತಗಡಿನ ನೆರಳಲ್ಲಿ ಕೂತು ಇದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ. ನಂತರ ಮೊದಲ ಪುಟ ತೆರೆದ. ಅಲ್ಲಿ ಅವನು ವಿಮಾನದಲ್ಲೇ ಬರೆದ ಜಗತ್ತಿನ ನಕ್ಷೆ ಇತ್ತು. ಅರೇಬಿಯಾದ ಜಾಗ ಪೂರ್ತಿ ಖಾಲಿ ಬಿಟ್ಟು, ಮೇಲೆ "ಮರಳು" ಅಂತ ಬರೆದಿದ್ದ. ರಬ್ಬರ್ ಕೇಳಿದ. ನನ್ನ ಹತ್ತಿರ ಇರಲಿಲ್ಲ. ಪೆನ್ನಿನಿಂದಲೇ ಅದನ್ನು ಗೀಚಿ ಹಾಕಿ, ಒಳಗೆ ಸಣ್ಣ ಅಕ್ಷರದಲ್ಲಿ ತುಂಬುತ್ತಾ ಹೋದ: ಘಸ್ಸಾನಿ, ಲಖ್ಮಿ, ಯಹೂದಿ ಧರ್ಮಕ್ಕೆ ಸೇರಿದ್ದ ಯೆಮನ್‌ನ ಹಿಮ್ಯಾರ್ ದೊರೆಗಳು, 525ರಲ್ಲಿ ಅವರ ಮೇಲೆ ದಂಡೆತ್ತಿ ಬಂದ ಇಥಿಯೋಪಿಯಾದವರು. ಜಾಗ ಸಾಲಲಿಲ್ಲ.

ಎಂಟನೇ ದಿನ, ವಿಮಾನ ನಿಲ್ದಾಣದ ದಾರಿ

ಬೆಳಿಗ್ಗೆ ಮತ್ತೆ ಫಲಾಫಲ್. ಇವರು ಮುಟ್ಟಲಿಲ್ಲ, ಬೆಂಗಳೂರಿಗೆ ಹೋದ ಮೇಲೆ ಅನ್ನ ಸಾರು ಅಂದರು.

ಪೆಟ್ರಾದ ಕಾಗದಗಳ ಕಥೆಯನ್ನು ಮಗ ಡ್ರೈವರ್‌ಗೆ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ. ಅವರಿಗೂ ಅಣ್ಣನ ಜೊತೆ ಒಂದು ಆಲಿವ್ ತೋಟದ ವ್ಯಾಜ್ಯ ಇದೆಯಂತೆ. ತೋಟಕ್ಕೆ ಹೆಸರಿದೆಯಾ ಅಂತ ಕೇಳಿದ. ಇದೆ, ಅಜ್ಜ ಇಟ್ಟದ್ದು, ಅರ್ಥ ಗೊತ್ತಿಲ್ಲ ಅಂದರು. "ಸರಿ, ಹಾಗಾದರೆ ಹೆಂಡತಿ ಹತ್ತಿರ ಅರಬ್ಬಿಯಲ್ಲೇ ಜಗಳ ಆಡಬಹುದಿತ್ತು ಅನ್ನು" ಅಂತ ಗಟ್ಟಿಯಾಗಿ ನಕ್ಕು, ಕಾರು ಪಕ್ಕಕ್ಕೆ ಹಾಕಿ ಫ್ಲಾಸ್ಕು ತೆಗೆದರು.

ಮಗ ಒಂದು ಕಪ್ಪು ಕುಡಿದ. ಎರಡನೆಯದೂ ಕುಡಿದ. ಮೂರನೆಯದಕ್ಕೆ ಫ್ಲಾಸ್ಕು ಬಾಗಿದಾಗ ನನ್ನ ಕಡೆ ಒಮ್ಮೆ ನೋಡಿ, ಕಪ್ಪನ್ನು ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿದ.